ಐಸ್ ಹಾಕಿ ತಂಡಕ್ಕೆ ನನ್ನದೊಂದು ವೋಟು

ಅಂಜುಬುರುಕತನಕ್ಕೂ ಸಂಬಳ ಸಿಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಸಿಂಗಾಪುರದ ಪಾಯಾ ಲೆಬಾರಿನ ಆಫೀಸೊಂದರಲ್ಲಿ ನಾನು ರಿಸ್ಕ್ ಮ್ಯಾನೇಜರ್. ಯಾರಾದರೂ ಉತ್ಸಾಹದಿಂದ ಹೊಸ ಯೋಜನೆ ತಂದರೆ, ಅದರಲ್ಲಿ ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ ಅವರ ಮುಖ ಬಾಡಿಸುವುದು ನನ್ನ ಕೆಲಸ. ಮನೆಯಲ್ಲೂ ಅಷ್ಟೇ. ಹೌಗಾಂಗಿನ ಫ್ಲ್ಯಾಟಿಗೆ ಒಂದು ಫ್ಯಾನ್ ಆರಿಸಲು ನಾಲ್ಕು ತಿಂಗಳು ತೆಗೆದುಕೊಂಡೆ. ಅಷ್ಟು ದಿನ ಹಳೇ ಪೇಪರಿನಿಂದ ಗಾಳಿ ಬೀಸಿಕೊಂಡವಳು ನನ್ನ ಹೆಂಡತಿ ಸುಧಾ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಲಿಮ್, ಮಹಿಳೆಯರ ರಾಷ್ಟ್ರೀಯ ಐಸ್ ಹಾಕಿ ತಂಡದ ಆಯ್ಕೆ ಸಮಿತಿಯಲ್ಲಿದ್ದ. ಈ ಊರಲ್ಲಿ ಐಸ್ ಇರುವುದು ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಜ್ಯೂಸ್ ಲೋಟದಲ್ಲಿ ಮಾತ್ರ ಎಂದುಕೊಂಡಿದ್ದ ನನಗೆ ಇಂಥ ತಂಡ ಇದೆ ಎನ್ನುವುದೇ ಸುದ್ದಿ. ಕೋಚ್ ಮತ್ತು ಲಿಮ್ ಜೊತೆ ಸಮಿತಿಯಲ್ಲಿದ್ದ ಮೂರನೆಯವರು ಊರು ಬಿಟ್ಟಾಗ ಲಿಮ್ ನನ್ನನ್ನು ಹಿಡಿದ. "ನಿನಗೆ ಆಟವೂ ಗೊತ್ತಿಲ್ಲ, ಆಟಗಾರ್ತಿಯರೂ ಗೊತ್ತಿಲ್ಲ. ನಿನಗಿಂತ ನಿಷ್ಪಕ್ಷಪಾತಿ ಯಾರು ಸಿಗ್ತಾರೆ?" ಎಂದ. ಹೊಗಳಿಕೆ ಎಂದುಕೊಂಡು ಹೋದೆ.

ಹೊರದೇಶದ ಟೂರ್ನಮೆಂಟಿಗೆ ಹೋಗುವ ತಂಡದಲ್ಲಿ ಉಳಿದಿದ್ದು ಒಂದೇ ಜಾಗ, ಇಬ್ಬರು ಹುಡುಗಿಯರು. ಜೋಆನ್ ಕಣ್ಣು ಮಿಟುಕಿಸುವಷ್ಟರಲ್ಲಿ ಗೋಲು ಹೊಡೆಯುವವಳು. ಆದರೆ ಅವಳ ಭುಜದ ಕೀಲು ಎರಡು ಸಲ ತಪ್ಪಿತ್ತು. ಆಡಬಹುದು ಎಂದಿದ್ದ ಡಾಕ್ಟರು ಮತ್ತೆ ತಪ್ಪುವುದಿಲ್ಲ ಎಂದು ಬರೆದುಕೊಟ್ಟಿರಲಿಲ್ಲ. ಹುಯ್ ಮಿನ್ ಒಂದು ದಿನವೂ ಪ್ರಾಕ್ಟೀಸ್ ತಪ್ಪಿಸಿದವಳಲ್ಲ. ಬೀಳುವವಳಲ್ಲ, ಗೋಲು ಹೊಡೆಯುವವಳೂ ಅಲ್ಲ.

"ಗೆಲ್ಲಬೇಕು ಅಂದ್ರೆ ಜೋಆನ್ ಬೇಕು," ಎಂದರು ಕೋಚ್.

"ಮೊದಲ ಮ್ಯಾಚಲ್ಲೇ ಬಿದ್ದರೆ? ಉಳಿದ ಮ್ಯಾಚುಗಳಿಗೆ ಒಬ್ಬಳು ಕಮ್ಮಿ," ಎಂದ ಲಿಮ್. ಇಬ್ಬರೂ ನನ್ನ ಕಡೆ ತಿರುಗಿದರು. ಒಂದು ದಿನ ಟೈಮ್ ಕೇಳಿದೆ.

ಮನೆಯಲ್ಲಿ ಸುಧಾ ಚಪಾತಿ ಲಟ್ಟಿಸುತ್ತಲೇ ವಿಚಾರಣೆ ನಡೆಸಿದಳು.

"ಬಿದ್ದರೆ ನೋವು ಯಾರಿಗೆ?"

"ಜೋಆನ್‌ಗೆ."

"ಅವಳು ಆಡೋಕೆ ರೆಡಿ ಇದಾಳಾ?"

"ಹೂಂ."

"ಮತ್ತೆ ನಿಮಗೇನ್ರೀ ಭಯ?"

ಮರುದಿನ ಹುಯ್ ಮಿನ್‌ಗೆ ವೋಟು ಹಾಕಿದೆ.

ತಂಡ ಹೋಯಿತು, ಆಡಿತು, ಕೊನೆಯ ಮ್ಯಾಚನ್ನು ಒಂದೇ ಗೋಲಿನಿಂದ ಸೋತು ಬಂತು. ಯಾರಿಗೂ ಏಟಾಗಲಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಜೋಆನ್ ಇದ್ದಿದ್ದರೆ ಆ ಗೋಲು ಬರುತ್ತಿತ್ತೋ, ಅವಳ ಭುಜ ಹೋಗುತ್ತಿತ್ತೋ ಯಾರಿಗೆ ಗೊತ್ತು? ತೆಗೆದುಕೊಳ್ಳದ ರಿಸ್ಕಿನಿಂದ ಏನು ಕಳೆದುಕೊಂಡೆವು ಎನ್ನುವುದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ನನ್ನ ವೃತ್ತಿ ಬದುಕಿರುವುದೇ ಅದರಿಂದ.

ತಂಡದ ಊಟಕ್ಕೆ ಜೋಆನ್‌ಳನ್ನೂ ನನ್ನನ್ನೂ ಕರೆದಿದ್ದರು. ಹುಯ್ ಮಿನ್ ಪಕ್ಕದಲ್ಲಿ ಬಂದು ಕೂತಳು.

"ಅಂಕಲ್, ನನ್ನ ಆಟ ನೋಡಿದ್ರಾ, ಸೆಲೆಕ್ಷನ್‌ಗೆ ಮುಂಚೆ?"

"ಇಲ್ಲಮ್ಮ. ರಿಪೋರ್ಟ್ ನೋಡಿದೆ."

"ಹಾಗಾದ್ರೆ ನೀವು ನನ್ನನ್ನ ಸೆಲೆಕ್ಟ್ ಮಾಡ್ಲಿಲ್ಲ. ಜೋಆನ್‌ನ ಬೇಡ ಅಂದ್ರಿ, ಅಷ್ಟೇ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ಮೇಜಿನ ಆ ತುದಿಯಲ್ಲಿ ಜೋಆನ್ ಎಲ್ಲರ ತಟ್ಟೆಗೂ ನೂಡಲ್ಸ್ ಬಡಿಸುತ್ತಾ ನಗುತ್ತಿದ್ದಳು. ನಾನು ಜೋಪಾನ ಮಾಡಿದ್ದು ಅವಳ ಭುಜವನ್ನಲ್ಲ, ನನ್ನ ಹೆಸರನ್ನು ಎಂದು ಆಗ ಅರ್ಥವಾಯಿತು. ಒಬ್ಬಳಿಗೆ ಅವಕಾಶ ತಪ್ಪಿಸಿದ್ದೆ, ಇನ್ನೊಬ್ಬಳಿಗೆ ಸಿಕ್ಕಿದ ಅವಕಾಶದ ಖುಷಿಯನ್ನೂ ಕೆಡಿಸಿದ್ದೆ.

ಹೊರಡುವಾಗ ಲಿಮ್ ಕೈಕುಲುಕಿದ. "ನಿನ್ನ ಬಗ್ಗೆ ಒಂದೂ ಕಂಪ್ಲೇಂಟ್ ಇಲ್ಲ. ಮುಂದಿನ ವರ್ಷದ ಸಮಿತಿಗೂ ನಿನ್ನನ್ನೇ ಹಾಕಿದ್ದೀವಿ."

ನನಗೆ ಯೋಗ್ಯತೆ ಇಲ್ಲ ಎಂದು ಹೇಳಬೇಕಿತ್ತು. ಹೇಳಿದರೆ ಅವನು ಏನಂದುಕೊಳ್ಳುತ್ತಾನೋ ಎಂದು ಹೆದರಿ ಹೂಂ ಎಂದುಬಿಟ್ಟೆ.