ಆ ಗೋಲಿನ ಮೇಲೆ ಮಾಮನ ಸಂಶಯ

ನಮ್ಮ ಮಾಮ ಸಂಶಯಪಡದೇ ಬಿಟ್ಟ ವಸ್ತುವೊಂದು ಈ ಭೂಮಿಯ ಮೇಲೆ ಇದೆ ಎಂದು ಯಾರಾದರೂ ಹೇಳಿದರೆ, ಹೇಳಿದವರ ಮೇಲೆ ನನಗೇ ಸಂಶಯ ಬರುತ್ತದೆ! ಅವರ ಲಗ್ನದ ಕಥೆಯನ್ನೇ ಕೇಳಿ. ಇನ್ನೇನು ಅಕ್ಕಿಕಾಳು ಬೀಳಬೇಕು, ಅಷ್ಟರಲ್ಲಿ ಮಾಮ ಪಕ್ಕದಲ್ಲಿದ್ದ ಮದುಮಗಳನ್ನು ಓರೆಗಣ್ಣಿನಿಂದ ನೋಡಿ, ಮಂತ್ರ ಹೇಳುತ್ತಿದ್ದ ಅಯ್ಯನವರನ್ನು ತಡೆದು, "ಅಯ್ಯನೋರ, ನಾ ನೋಡಿ ಬಂದ ಹುಡುಗಿ ಇಕೀನೇ ಹೌದಲ್ರೀ?" ಎಂದು ಕೇಳಿದರಂತೆ. ಅಯ್ಯನವರು ಬಾಯಿ ತೆರೆಯುವ ಮೊದಲೇ ಮದುಮಗಳು ತಲೆ ಬಗ್ಗಿಸಿಕೊಂಡೇ, "ನಂಗೂ ಹಂಗೇ ಅನಸಾಕತ್ತದ. ಮೊದಲ ಬೆಳಕಿಗೆ ಬಂದು ಮಾರಿ ತೋರಸ್ರಿ ಅನ್ರಿ ಅವ್ರಿಗಿ" ಎಂದಳಂತೆ. ಅಂದಿನಿಂದ ನಮ್ಮ ಅತ್ತೆಯಾದ ಅವಳೊಬ್ಬಳ ಮುಂದೆ ಮಾತ್ರ ಮಾಮ ಸ್ವಲ್ಪ ತಗ್ಗಿ ನಡೆಯುತ್ತಿದ್ದರು.

ಮಾಮನದು ಕಮಲಾಪುರದಲ್ಲಿ ಬಾಳೆಯ ತೋಟ. ಕೆಂಪು ಬಾಳೆಯ ಗೊನೆ ಕಟ್ಟಿಕೊಂಡು ವಾರಕ್ಕೊಮ್ಮೆ ಕಲಬುರಗಿಯ ಪೇಟೆಗೆ ಬರುತ್ತಿದ್ದರು. ನಾನಾಗ ಶಹಾಬಜಾರಿನಲ್ಲಿ ಒಂದು ಕೋಣೆ ಹಿಡಿದು ಮಾಸ್ತರಿಕೆ ಮಾಡಿಕೊಂಡಿದ್ದೆ. ಪೊಲೀಸ್ ಆಕ್ಷನ್ ಆಗಿ, ನಮ್ಮ ಸೀಮೆ ಹಿಂದೂಸ್ತಾನಕ್ಕೆ ಸೇರಿ ಎರಡು-ಮೂರು ವರ್ಷ ಕಳೆದಿತ್ತು. ಶಾಲೆಯಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿತ್ತು. ಮಾಮ ನನ್ನನ್ನಾದರೂ ಬಿಟ್ಟಾರೆಯೇ? "ನಿನ್ನೀ ತನಕ ಉರ್ದು ಕಲಸಿದಾಂವ ಇವತ್ತ ಕನ್ನಡ ಕಲಸಾಕತ್ತೀಯಲ್ಲೋ ತಮ್ಮಾ, ನಿಂಗ ಖರೇ ಬರೋದು ಯಾವುದು?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ ಬಿಡಿ!

ಹಣ್ಣು ಮಾರಿದ ಮೇಲೆ ಮಾಮ ತಪ್ಪದೇ ಹೋಗುತ್ತಿದ್ದುದು ಪೇಟೆಯ ಇರಾನಿ ಹೋಟೆಲ್ಲಿಗೆ. ಹೋಟೆಲ್ಲಿನ ಸೇಠ ಇರಾನ ದೇಶದ ಯಜ್ದ್ ಎಂಬ ಊರಿನವನು. ಮೀಸೆ ಮೂಡುವ ಮೊದಲೇ ಚಿಕ್ಕಪ್ಪನ ಜೊತೆ ಹಡಗು ಹತ್ತಿ ಬಂದು, ಇಲ್ಲೇ ಕೂದಲು ನರೆತವನು. ನಮ್ಮ ಮಾತನ್ನು ದಖನಿ ಬೆರೆಸಿ ಚೆನ್ನಾಗಿಯೇ ಆಡುತ್ತಿದ್ದ. ಆದರೆ ಮಾಮನಿಗೆ ಅವನ ಮೇಲೆ ಇದ್ದ ಸಂಶಯ ಒಂದೇ ಎರಡೇ! ಬಿಸ್ಕೀಟನ್ನು ಮುರಿದು ಮೂಸಿ ನೋಡದೆ ತಿನ್ನುತ್ತಿರಲಿಲ್ಲ. ಚಹ ಬಂದರೆ ಅರ್ಧವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು, ಗಲ್ಲೆಯ ಮೇಲೆ ಕೂತ ಸೇಠನ ಕಡೆ ಸರಿಸುವರು. "ಮೊದಲ ನೀ ಕುಡಿ, ಆಮ್ಯಾಲ ನಾ!" ಸೇಠ ಒಂದು ದಿನವೂ ಸಿಟ್ಟಾಗದೆ ಸುರ್ರನೆ ಕುಡಿದು, "ಗೌಡ ಸಾಬ್, ಅರ್ಧಾ ಚಾ ನಾ ಕುಡೀತೀನಿ, ಪೂರಾ ಪೈಸಾ ನೀವು ಕೊಡ್ತೀರಿ. ಇಂಥಾ ಗಿರಾಕಿ ಇನ್ನೂ ನಾಕ್ ಮಂದಿ ಕಳಸ್ರಿ!" ಎನ್ನುತ್ತಿದ್ದ.

ಇನ್ನು ಆ ಹೋಟೆಲ್ಲಿನ ಕನ್ನಡಿಗಳು. ಗೋಡೆಯ ತುಂಬ ಆಳೆತ್ತರದ ಕನ್ನಡಿ. ಚಹ ಮಾರುವವನಿಗೆ ಇಷ್ಟು ಕನ್ನಡಿ ಯಾತಕ್ಕೆ ಎಂದು ಮಾಮ ಬಹಳ ವಿಚಾರ ಮಾಡಿ, ಬೆನ್ನು ಹಾಕಿ ಕೂತವರ ಮೇಲೂ ಕಣ್ಣಿಡಲಿಕ್ಕೆ ಎಂದು ಪತ್ತೆ ಹಚ್ಚಿದರು. ಹಾಗಾಗಿ ಸೇಠನ ಮುಖ ಕನ್ನಡಿಯಲ್ಲಿ ಕಾಣುವ ಕುರ್ಚಿಯನ್ನೇ ಹುಡುಕಿ ಕೂತು ಅವನನ್ನೇ ನೋಡುತ್ತಿದ್ದರು. ಸೇಠನೂ ನೋಡುತ್ತಿದ್ದ. ಇಬ್ಬರೂ ಹೀಗೆ ದಿಟ್ಟಿಸುತ್ತಿದ್ದರೆ ನಡುವೆ ಕೂತ ನನ್ನ ಚಹ ತಣ್ಣಗಾಗುತ್ತಿತ್ತು.

ಆ ವರ್ಷ ದಿಲ್ಲಿಯಲ್ಲಿ ಏಷ್ಯಾದ ದೇಶಗಳೆಲ್ಲ ಸೇರಿ ಆಟ ಆಡಿದವು. ಫುಟ್‌ಬಾಲಿಗೆ ಇರಾನದ ತಂಡವೂ ಬಂದಿತ್ತು. ಸೇಠನಿಗೆ ಹುಚ್ಚೇ ಹಿಡಿಯಿತು! ಗಲ್ಲೆಯ ಪಕ್ಕದ ರೇಡಿಯೋಕ್ಕೆ ಕಿವಿ ಹಚ್ಚಿ ಕೂತ ಮನುಷ್ಯ, ಸಕ್ಕರೆ ಕೇಳಿದರೆ ಉಪ್ಪು ಕೊಡುತ್ತಿದ್ದ. ತನ್ನ ದೇಶದ ಹುಡುಗರ ಹೆಸರು ರೇಡಿಯೋದಲ್ಲಿ ಬಂದರೆ ಒಬ್ಬನೇ ನಗುತ್ತಿದ್ದ. ಮಾಮ ನನ್ನ ತೊಡೆ ಚಿವುಟಿ, "ನಗಾಕತ್ತಾನ ನೋಡು! ಏನೋ ಅದ ಒಳಗ" ಎಂದರು.

ಕೊನೆಯ ಪಂದ್ಯಕ್ಕೆ ಬಂದವರು ಯಾರು? ಹಿಂದೂಸ್ತಾನ ಮತ್ತು ಇರಾನ! ಪೇಟೆಯ ಗರಡಿಯ ನಾಲ್ಕು ಹುಡುಗರು ಬಂದು ಚಹ ಕುಡಿದು ಹೋಗುವಾಗ, "ಸೇಠ, ನಿಮ್ಮವ್ರು ಗೆದ್ರ ಈ ಕನ್ನಡಿ ಒಂದೂ ಉಳಿಯಂಗಿಲ್ಲ ನೋಡು" ಎಂದರು. ನಕ್ಕೇ ಅಂದರು ಅನ್ನಿ. ಆದರೆ ಆ ವರ್ಷಗಳಲ್ಲಿ ನಗುವಿನ ಮೇಲೆ ಯಾರಿಗೆ ನಂಬಿಕೆ ಇತ್ತು? ಅರಬರು, ಪಠಾಣರು ಎಷ್ಟೋ ಮಂದಿ ಆಗಲೇ ಊರು ಬಿಟ್ಟು ಹೋಗಿದ್ದರು. ಹೊರಗಿನಿಂದ ಬಂದವನೆಂದರೆ ಎಲ್ಲರೂ ಎರಡು ಸಲ ನೋಡುತ್ತಿದ್ದರು. ಸೇಠನಿಗೆ ಇದ್ದದ್ದು ಆ ಒಂದು ಹೋಟೆಲ್ಲು, ಹಿಂದಿನ ಕೋಣೆಯಲ್ಲಿ ಹೆಂಡತಿ ಮಕ್ಕಳು. ಪಂದ್ಯದ ದಿನ ಅಂಗಡಿ ಬಂದ್ ಎಂದುಬಿಟ್ಟ.

ಮಾಮ ಬಿಡುತ್ತಾರೆಯೇ? "ಬಾಗಲಾ ಹಾಕ್ಕೊಂಡು ಒಳಗ ಏನ್ ಮಾಡ್ತಾನ? ಅದೇ ನೋಡಬೇಕು ನಾ." ಸಂತೆಯ ದಿನ ಅಲ್ಲದಿದ್ದರೂ ಕಮಲಾಪುರದಿಂದ ಬಸ್ಸು ಹತ್ತಿ ಬಂದು, ನನ್ನನ್ನೂ ಎಳೆದುಕೊಂಡು ಹೋಗಿ ಬಾಗಿಲು ಬಡಿದರು. ಸೇಠ ಹೆದರಿ ಸ್ವಲ್ಪವೇ ತೆರೆದ. ಮಾಮ ಕಾಲು ತೂರಿಸಿ ಒಳಗೆ ನುಗ್ಗಿ ಕೂತೇಬಿಟ್ಟರು.

ರೇಡಿಯೋ ಸಣ್ಣ ದನಿಯಲ್ಲಿ ನಡೆದಿತ್ತು. ಸೇಠ ಆಟ ಕೇಳಿದ. ಮಾಮ ಸೇಠನ ಮುಖ ನೋಡಿದರು. ಇರಾನದವರು ಮುಂದೆ ನುಗ್ಗಿದರೆ ಸೇಠನ ಕಣ್ಣು ಅರಳುವುದು. ಕೂಡಲೇ ಬಾಗಿಲ ಕಡೆ ನೋಡಿ ಮುದುಡುವುದು. ಗೆಲ್ಲಲಿ ಎಂದುಕೊಳ್ಳುವುದಕ್ಕೂ ಅಂಜುವ ಮನುಷ್ಯನನ್ನು ನಾನು ಅಂದೇ ಮೊದಲು ನೋಡಿದ್ದು. ನನಗೆ ಬಹಳ ಕೆಡುಕೆನಿಸಿತು.

ನಮ್ಮವರು ಒಂದು ಗೋಲು ಹೊಡೆದರು. ಪೇಟೆಯಲ್ಲಿ ಹೋ ಎಂದು ಕೂಗೆದ್ದಿತು. ಆಟ ಮುಗಿಯುವ ತನಕ ಇನ್ನೊಂದು ಗೋಲು ಯಾರೂ ಹೊಡೆಯಲಿಲ್ಲ. ಸೇಠ ರೇಡಿಯೋ ಬಂದ್ ಮಾಡಿ, ಮುಖ ಒರೆಸಿಕೊಂಡು, ನಗುತ್ತಲೇ ಎದ್ದ. "ಚಲೋ ಆತು ಗೌಡ ಸಾಬ್. ನಮ್ಮವ್ರು ಸೋತ್ರು, ಅಂಗಡಿ ಉಳೀತು." ಹೋಗಿ ಬಾಗಿಲನ್ನು ಪೂರಾ ತೆರೆದ.

ಗರಡಿಯ ಹುಡುಗರು ಹತ್ತು ಮಂದಿಯನ್ನು ಕೂಡಿಸಿಕೊಂಡು ಒಳಗೆ ಬಂದರು. "ಹ್ಯಾಂಗ ಸೇಠ?" ಎಂದರೆ ಸೇಠ ಎಲ್ಲರಿಗಿಂತ ದೊಡ್ಡದಾಗಿ ನಗುತ್ತಾ ಚಹ ಹಂಚತೊಡಗಿದ. ಆಗ ಮಾಮ ಕುರ್ಚಿಯಿಂದ ಎದ್ದರು.

"ಆ ಗೋಲಿನ ಮ್ಯಾಲ ನಂಗ ಸಂಶಯ ಅದ."

ಹುಡುಗರು ಚಹ ಬಿಟ್ಟು ಮಾಮನ ಕಡೆ ತಿರುಗಿದರು.

"ನೀ ನೋಡೀಯೇನು? ನೀ ನೋಡೀಯೇನು? ದಿಲ್ಲಿಯೊಳಗ ಯಾರೋ ಹೊಡದ್ರಂತ, ಯಾರೋ ಹೇಳಿದ್ರಂತ. ನಮ್ಮವ್ರು ಬರಿಗಾಲಿನವ್ರು, ಅವ್ರು ಬೂಟಿನವ್ರು. ಹ್ಯಾಂಗ ಹೋಗ್ತದ ಗೋಲು? ನಾ ಒಪ್ಪಂಗಿಲ್ಲ!"

"ಗೌಡ್ರ, ನೀವು ಹಿಂದೂಸ್ತಾನದವ್ರು ಹೌದೋ ಅಲ್ಲೋ?" ಎಂದ ಒಬ್ಬ ತೋಳೇರಿಸಿ.

"ಅದರ ಮ್ಯಾಲೂ ಸಂಶಯ ಇದ್ರ ಇಟ್ಕೋ ಹೋಗು!"

ನಾನು ಮಾಮನ ಅಂಗಿ ಹಿಡಿದು ಜಗ್ಗಿದೆ. ಆಮೇಲೆ ಯಾರೋ ಕಿಸಕ್ಕೆಂದರು. ಎಲ್ಲರೂ ನಕ್ಕರು. ಸೇಠನನ್ನು ಬಿಟ್ಟು ಮಾಮನನ್ನು ಕಾಡಿಸಲು ಹತ್ತಿದರು. ಮಾಮ ಅಷ್ಟೂ ಮಂದಿಯ ಜೊತೆ ಗುದ್ದಾಡುವ ಹಾಗೆ ವಾದಿಸಿದರು. ಸೇಠ ಚಹದ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ. ನಗು ನಿಂತಿತ್ತು. ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಕೊಳ್ಳುವುದನ್ನೂ ಮರೆತಿದ್ದ.

ಬಸ್ಸಿಗೆ ಬಿಡಲು ಹೋಗುವಾಗ ಕೇಳಿದೆ, "ಮಾಮಾ, ಆ ಗೋಲಿನ ಮ್ಯಾಲ ಖರೇನೇ ಸಂಶಯ ಅದ ಏನ್ರೀ?"

"ಇಲ್ಲೋ ತಮ್ಮಾ. ಗೋಲು ಖರೇನೇ ಅದ."

ಬಸ್ಸು ಬರುವ ದಾರಿ ನೋಡುತ್ತಾ ಹೇಳಿದರು. "ರಜಾಕಾರರ ಗದ್ದಲದಾಗ ನಾವು ಊರು ಬಿಟ್ಟು ಸೊಲ್ಲಾಪುರದಾಗ ಇದ್ದಿವಲ್ಲ, ಆಗ ನಮ್ಮಣ್ಣ ತೀರಿ ಹೋದ ಸುದ್ದಿ ಅಲ್ಲೇ ತಿಳೀತು ನಂಗ. ಸುತ್ತಾ ಬರೇ ಪರಊರ ಮಂದಿ. 'ಇದು ಸುಳ್ಳಿರಬೇಕು ಬಿಡ್ರಿ' ಅಂತ ಒಬ್ಬನರ ಅಂತಾನೇನೋ ಅಂತ ಎಲ್ಲಾರ ಮಾರಿ ನೋಡಿದೆ."

ಬಸ್ಸು ಬಂತು. ಮಾಮ ಹತ್ತಿ ಕಿಟಕಿಯ ಪಕ್ಕ ಕೂತರು.

"ಒಬ್ಬಾನೂ ಅನಲಿಲ್ಲೋ."