ಒಡ್ಡಿನ ಮೇಲೆ ನಿಂತ ಅತ್ತೆಯವರು

ಮನುಷ್ಯರು ತೀರಿಕೊಂಡ ಮೇಲೆ ಅವರ ಭಯವೂ ಅವರೊಡನೆ ಮಣ್ಣಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರಿಗೆ ಅತ್ತೆ ಇರಲಿಲ್ಲವೆಂದು ಕಾಣುತ್ತದೆ. ನನಗಿದ್ದರು. ಧಾರವಾಡದ ಸಪ್ತಾಪುರದಲ್ಲಿ ಹುಟ್ಟಿ, ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿ, ಹೆಬ್ಬಳ್ಳಿಯ ತುಂಡು ಎರೆಹೊಲದ ಮನೆತನಕ್ಕೆ ಸೊಸೆಯಾಗಿ ಬಂದ ನಾನು, ತಲೆಕೂದಲು ಬೆಳ್ಳಗಾಗುವವರೆಗೆ ಅವರ ಕೈಕೆಳಗೆ ರೊಟ್ಟಿ ಬಡಿದೆ. ಅವರು ಎಂದೂ ಬೈದವರಲ್ಲ. ಅಡುಗೆಮನೆಯ ಬಾಗಿಲಿಗೆ ಕೈಯೂರಿ ನಿಂತು ನೋಡುತ್ತಿದ್ದರು, ಅಷ್ಟೆ. ಆ ನೋಟಕ್ಕೆ ಉಕ್ಕುವ ಹಾಲೂ ಒಮ್ಮೆ ಯೋಚಿಸಿ ಕೆಳಗಿಳಿಯುತ್ತಿತ್ತು. ಊಟದ ಕ್ರಮವನ್ನು ಅವರೇ ಹಾಕಿಕೊಟ್ಟಿದ್ದರು: ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಬಂದುಹೋದವರು, ನಾಯಿ, ಕೊನೆಗೆ ಹೆಂಗಸರು. ಹೆಂಗಸರಲ್ಲೂ ಕೊನೆಯವರು ಅವರೇ. ತಳ ಹತ್ತಿದ್ದನ್ನು ನಿಂತೇ ಉಂಡು ಕೈತೊಳೆಯುವರು. ಪಕ್ಷಪಾತವಿಲ್ಲದ ಆಡಳಿತವೆಂದರೆ ಅದು. ಅವರು ಹೋದ ಮೇಲೂ ಆ ಕ್ರಮ ಹಾಗೆಯೇ ನಡೆಯಿತು. ರದ್ದು ಮಾಡಬೇಕೆಂಬ ಆಸೆ ಎಲ್ಲರಿಗಿತ್ತು. ಬಾಗಿಲ ಕಡೆ ನೋಡದೆ ಹಾಗೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಈ ಆಡಳಿತ ಹೊಲದ ಬೇವಿನ ಮರದವರೆಗೆ ಮುಟ್ಟುತ್ತಿರಲಿಲ್ಲ. ಮೊಣಕಾಲು ನೋವಿನಿಂದ ಅತ್ತೆಯವರು ಹೊಲಕ್ಕೆ ಬರುವುದನ್ನು ಎಂದೋ ಬಿಟ್ಟಿದ್ದರು. ಹೀಗಾಗಿ ನಾನು, ನನ್ನ ಮೈದುನನ ಹೆಂಡತಿ ನೀಲಾ, ಕಸ ತೆಗೆಯಲು ಬರುವ ದ್ಯಾಮವ್ವ, ಮೂವರೂ ಮಧ್ಯಾಹ್ನ ಆ ನೆರಳಿನಲ್ಲಿ ಬುತ್ತಿ ಬಿಚ್ಚಿ, ಕಾಲು ಚಾಚಿ, ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ಉಣ್ಣುತ್ತಿದ್ದೆವು. ಎಣ್ಣೆಗಾಯಿಯ ಮೊದಲ ಬದನೆಕಾಯಿ ನಮ್ಮದು. ಮೊಸರಿನ ಮೇಲಿನ ಕೆನೆಯೂ ನಮ್ಮದೇ. ದಿನದಲ್ಲಿ ನಾವು ಕುಳಿತು ಉಣ್ಣುವ ಊಟ ಅದೊಂದೇ ಆಗಿತ್ತು.

ಕಳೆದ ಚಳಿಗಾಲದಲ್ಲಿ ಜೋಳ ಹಾಲುಗಾಳಾಗುತ್ತಲೇ ಗುಬ್ಬಿಗಳು ಬಂದವು. ನಮ್ಮ ಯಜಮಾನರ ಹಳೆಯ ಅಂಗಿ ಪಾಯಿಜಾಮ ತೊಡಿಸಿ ಒಂದು ಬೆದರುಗೊಂಬೆ ನಿಲ್ಲಿಸಿದೆವು. ಗುಬ್ಬಿಗಳು ಅದರ ಹೆಗಲ ಮೇಲೆಯೇ ಕುಳಿತು ತೆನೆ ತಿಂದವು. ಯಜಮಾನರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ವರ್ಷದ ರೊಟ್ಟಿಯ ಪ್ರಶ್ನೆಯಾದ್ದರಿಂದ ನಾನು ಟ್ರಂಕಿನಿಂದ ಅತ್ತೆಯವರ ಹಸಿರು ಇಳಕಲ್ಲ ಸೀರೆ ತೆಗೆದೆ. ಮುಗದದ ಕುಂಬಾರರ ಗಡಿಗೆಯೊಂದನ್ನು ತಲೆಯಾಗಿಸಿ, ಸುಣ್ಣದಿಂದ ಕಣ್ಣು ಬರೆದು, ಉದ್ದನೆಯ ಬಿದಿರು ಗಳಕ್ಕೆ ಕಟ್ಟಿ, ಸೀರೆ ಉಡಿಸಿ, ಮರದ ಎದುರಿನ ಒಡ್ಡಿನ ಮೇಲೆ ನೆಟ್ಟೆ. ನಡೆಯಲಾಗದ ಅತ್ತೆಯವರನ್ನು ಕೈಯಾರೆ ಹೊಲಕ್ಕೆ ಕರೆತಂದಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ. ಅಂದೇ ಗುಬ್ಬಿಗಳು ಹೋದವು. ಗುಬ್ಬಿಗಳಷ್ಟೇ ಅಲ್ಲ, ಕಾಗೆಗಳು, ಬೇವಿನ ಮರದ ಗಿಳಿಗಳು, ಎಲ್ಲವೂ. ಹೊಲದಲ್ಲಿ ನಮ್ಮ ಉಸಿರು ನಮಗೇ ಕೇಳತೊಡಗಿತು.

ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ನೀಲಾ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯಾಕ?" ಎಂದೆ.

"ಅತ್ಯಾರು ಅಲ್ಲೇ ನಿಂತಾರಲ್ರಿ, ಅಕ್ಕಾರ."

"ಅದು ಗಡಗಿ."

"ಗಡಗಿ ಅನ್ನೂದು ನನಗೂ ಗೊತ್ತೈತ್ರಿ. ಮುಂಜಾನೆ ಅದರ ಮಾರಿ ಜ್ವಾಳದ ಕಡೆ ಇತ್ತು."

ನೋಡಿದೆ. ಸುಣ್ಣದ ಕಣ್ಣುಗಳು ನೇರವಾಗಿ ನನ್ನ ಕೈಯಲ್ಲಿದ್ದ ಬದನೆಕಾಯಿಯ ಮೇಲಿದ್ದವು. "ಗಾಳಿ" ಎಂದೆ. ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ತರ್ಕಶಾಸ್ತ್ರ ಹೇಳುತ್ತದೆ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಆದರೂ ಗಾಳಿಯೆಂದೇ ತೀರ್ಮಾನಿಸಿ, ಬದನೆಕಾಯಿಯನ್ನು ಮೆಲ್ಲಗೆ ಡಬ್ಬಿಗೆ ಮರಳಿಸಿದೆ. ಗಡಿಗೆಯನ್ನು ಜೋಳದ ಕಡೆಗೆ ತಿರುಗಿಸಿ ಹುರಿಯಿಂದ ಬಿಗಿದೆವು. ಮರುದಿನ ಮುಖ ಮತ್ತೆ ನಮ್ಮ ಕಡೆಗೇ ಇತ್ತು. ಹುರಿಯ ಗಂಟು ಹಾಕಿದಂತೆಯೇ ಇತ್ತು.

ದ್ಯಾಮವ್ವ ಕಸ ತೆಗೆಯುವ ಕುರ್ಚಿಗೆಯನ್ನು ಕೆಳಗಿಟ್ಟಳು. "ನಾಳಿಂದ ನಾ ಬರೂದಿಲ್ರಿ. ದೊಡ್ಡವ್ವಾರ ಮುಂದ ಕುಂತು ಉಂಡಾಕಿ ಅಲ್ಲ ನಾ."

"ನಿಂತು ಉಣ್ಣು ಹಂಗಾರ."

"ನಿಂತು ಉಣ್ಣಾಕ ನಮ್ಮ ಮನ್ಯಾಗ ಜಾಗಾ ಇಲ್ಲೇನ್ರಿ?"

ನಾನೂ ನೀಲಾಳೂ ಗೊಂಬೆಗೆ ಬೆನ್ನು ಹಾಕಿ ಉಣ್ಣಲು ನೋಡಿದೆವು. ಅದು ಇನ್ನೂ ಕೆಟ್ಟದ್ದಾಯಿತು. ಎದುರಿಗಿದ್ದ ನೋಟದಿಂದ ತಪ್ಪಿಸಿಕೊಳ್ಳಬಹುದು. ಬೆನ್ನಿಗೆ ನೆಟ್ಟದ್ದನ್ನು ಏನು ಮಾಡುವುದು? ಕೆನೆ ಮುಟ್ಟಲಿಲ್ಲ. ಬುತ್ತಿ ಹೋದ ಹಾಗೆಯೇ ಮನೆಗೆ ಮರಳತೊಡಗಿತು. ಒಂದು ದಿನ ನೀಲಾ ನನಗೆ ಹೇಳದೆ ಗಳದ ಬುಡದಲ್ಲಿ ಒಂದು ರೊಟ್ಟಿ ಇಟ್ಟು ಬಂದಳು. ಬೆಳಿಗ್ಗೆ ನೋಡಿದರೆ ರೊಟ್ಟಿಯ ಗಟ್ಟಿ ಅಂಚಷ್ಟೇ ಬಳೆಯ ಹಾಗೆ ಉಳಿದಿತ್ತು. ಹಲ್ಲು ಬಿದ್ದ ಮೇಲೆ ಅತ್ತೆಯವರು ಬಿಡುತ್ತಿದ್ದುದು ಅಷ್ಟನ್ನೇ.

"ನಾಯಿ" ಎಂದೆ.

"ಹೌದ್ರಿ," ಎಂದಳು ನೀಲಾ. "ಹಲ್ಲಿಲ್ಲದ ನಾಯಿ." ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, "ಆ ಸೀರಿ ತಗದು ಬಿಡ್ರಿ ಅಕ್ಕಾರ" ಎಂದಳು.

"ವರ್ಷದ ಜ್ವಾಳ?"

"ಜ್ವಾಳ ಉಳಿಸಿ ಏನ್ ಮಾಡೂದೈತ್ರಿ? ಕುಂತು ಉಣ್ಣೂದು ಒಂದ ಊಟ ಇತ್ತು. ಅದೂ ಹೋತು."

ಒಡ್ಡು ಹತ್ತಿದೆ. ಟ್ರಂಕಿನಲ್ಲಿ ಡಾಂಬರ ಗುಳಿಗೆಯ ನಡುವೆ ಇಟ್ಟಿದ್ದ ಸೀರೆ. ಅದರಿಂದ ಒಲೆಯ ಹೊಗೆಯ ವಾಸನೆ ಬಂತು, ಈಗಷ್ಟೇ ಒಲೆಯ ಮುಂದಿನಿಂದ ಎದ್ದು ಬಂದವರ ಹಾಗೆ. ಸೆರಗಿಗೆ ಕೈಹಾಕಿದವಳು ಹಿಂದೆಗೆದೆ. ಅತ್ತೆಯ ಮೈಮೇಲಿನ ಸೀರೆಯನ್ನು ಎಳೆಯುವ ಸೊಸೆ ಹೆಬ್ಬಳ್ಳಿಯಲ್ಲಿ ಇನ್ನೂ ಹುಟ್ಟಿಲ್ಲ. ಏನು ಮಾಡಲೂ ತೋಚದೆ, ಅವರಿದ್ದಾಗ ಒಮ್ಮೆಯೂ ಆಡದ ಮಾತನ್ನು ಆಡಿಬಿಟ್ಟೆ: "ಅತ್ಯಾರ, ನಿಂತು ನಿಂತು ಸಾಕಾಗಿರಬೇಕು ನಿಮಗ. ಬರ್ರಿ, ಕುಂದರ್ರಿ. ನಮ್ಮ ಜೋಡಿ ಉಣ್ರಿ."

ಗಡಿಗೆ ಅಲುಗಲಿಲ್ಲ. ಆದರೆ ಕಲ್ಲು ಹೊಡೆದು ಬಿಗಿದಿದ್ದ ಗಳ ಕಿತ್ತಾಗ, ಕಾಯುತ್ತಿದ್ದ ಹಾಗೆ ಸಲೀಸಾಗಿ ಬಂತು. ಅರ್ಧಕ್ಕೆ ಕಡಿದು, ಬೇವಿನ ಮರಕ್ಕೆ ಒರಗಿಸಿ ಕೂರಿಸಿದೆವು. ಮೊದಲ ಬದನೆಕಾಯಿ ಅವರಿಗೆ ಬಡಿಸಿದೆವು, ಕೆನೆಯನ್ನೂ. ಆಮೇಲೆ ನಾವು ಕಾಲು ಚಾಚಿದೆವು. ಸುದ್ದಿ ತಿಳಿದು ದ್ಯಾಮವ್ವ ಮರುದಿನ ಬಂದಳು. ಗೊಂಬೆಯನ್ನು ನೋಡಿ, ತುಸು ದೂರ ಸರಿದು, ಕುಳಿತಳು. ಆ ದಿನದಿಂದ ಬುತ್ತಿಗೆ ಒಂದು ರೊಟ್ಟಿ ಹೆಚ್ಚಿಗೆ ಕಟ್ಟುತ್ತೇವೆ. ಅದನ್ನು ಮರಳಿ ತಂದದ್ದಿಲ್ಲ. ಯಾರು ಉಣ್ಣುತ್ತಾರೆಂದು ನಾವು ಒಬ್ಬರನ್ನೊಬ್ಬರು ಕೇಳುವುದಿಲ್ಲ. ತರ್ಕಶಾಸ್ತ್ರ ಓದಿದ ನಾನಂತೂ ಆ ಹೊತ್ತಿಗೆ ಸರಿಯಾಗಿ ನೀರು ತರಲು ಎದ್ದು ಹೋಗುತ್ತೇನೆ.

ಕುಳಿತ ಗೊಂಬೆ ತೆನೆಗಳಿಗಿಂತ ಕೆಳಗಾಯಿತು. ಗುಬ್ಬಿಗಳು ಮರಳಿ ಬಂದವು. ಅರ್ಧ ಬೆಳೆ ಹೋಯಿತು; ಈಗ ಜೋಳವನ್ನು ಧಾರವಾಡದ ಪೇಟೆಯಿಂದ ತರುತ್ತಿದ್ದೇವೆ.