ಬೇಬ್ ರೂತ್ ಹಣೆಗೆ ವಿಭೂತಿ

ಆಫೀಸಿನ ಬೇಸ್‌ಬಾಲ್ ಚರ್ಚೆಯಲ್ಲಿ ಬಸವೇಶನೆಂಬ ಹುಬ್ಬಳ್ಳಿ ಹುಲಿಯಾದ ನಾನು ಗೆದ್ದೇ ತೀರಬೇಕೆಂದು ಭೀಷ್ಮಪ್ರತಿಜ್ಞೆ ಮಾಡಿದ್ದು ೧೯೯೩ರ ಅಕ್ಟೋಬರಿನಲ್ಲಿ. ನಮ್ಮ ಟೊರಾಂಟೊ ತಂಡ ವರ್ಲ್ಡ್ ಸೀರೀಸ್ ಎಂಬ ಬೇಸ್‌ಬಾಲ್ ಫೈನಲ್ ಆಡುತ್ತಿತ್ತು. ಊಟದ ಹೊತ್ತಿಗೆ ದಿನಾ ಒಂದೇ ಜಗಳ: ಹಳೇ ಕಾಲದ ಸರ್ವಶ್ರೇಷ್ಠ ಆಟಗಾರ ಯಾರು? ಮೈಸೂರಿನ ವೇಣುಗೋಪಾಲ "ಟೈ ಕಾಬ್" ಎನ್ನುತ್ತಿದ್ದ. ಬಾಸ್ ಡಂಕನ್ "ಬೇಬ್ ರೂತ್" ಎನ್ನುತ್ತಿದ್ದ. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಆದ್ದರಿಂದ ನಾನು ರೂತ್‌ನ ಪರಮಭಕ್ತ! ಏಳುನೂರಾ ಹದಿನಾಲ್ಕು ಹೋಮ್ ರನ್ ಎಂಬುದನ್ನು ಮಗ್ಗಿಯಂತೆ ಉರುಹೊಡೆದಿದ್ದೆ. ಹೋಮ್ ರನ್ ಅಂದರೇನೆಂದು ಯಾರೂ ಕೇಳಲಿಲ್ಲ, ಪುಣ್ಯ!

ಡಂಕನ್ ಖುಷಿಯಾಗಿ, ತನ್ನ ತೀರಿಹೋದ ಅಪ್ಪ ಜೋಪಾನ ಮಾಡಿದ್ದ ರೂತ್‌ನ ಚಿತ್ರವಿದ್ದ ಹಳೇ ಕಾರ್ಡನ್ನು ಶುಕ್ರವಾರ ನನ್ನ ಕೈಗಿಟ್ಟ. "ಹೆಂಡತಿಗೆ ತೋರಿಸು. ಸೋಮವಾರ ಜೋಪಾನವಾಗಿ ವಾಪಸ್ ತಾ."

ಮಾಲ್ಟನ್ನಿನ ನಮ್ಮ ಮನೆಯಲ್ಲಿ ಹೆಂಡತಿ ಮಾಧುರಿ ಕೇಳಿದಳು, "ಯಾರ್ರೀ ಈ ಡುಮ್ಮ?"

"ಡುಮ್ಮ ಅನಬ್ಯಾಡ! ಬೇಸ್‌ಬಾಲಿನ ದೇವ್ರು ಅವ!"

ಮರುದಿನ ಆಯುಧಪೂಜೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಿಕ್ಸರ್, ಕಾರಿನ ಕೀಲಿ, ಹಿಮ ಎತ್ತುವ ಸಲಿಕೆ ಎಲ್ಲಕ್ಕೂ ಪೂಜೆಯಾಗಿತ್ತು. ನಟ್ಟನಡುವೆ ಬೇಬ್ ರೂತ್! ಕಾರ್ಡೇ ಮೂರು ಬೆರಳಗಲ, ಅದರ ಮೇಲೆ ಮೂರು ಬೆರಳಿನ ವಿಭೂತಿ. ಮೂಗಿದ್ದ ಜಾಗದಲ್ಲಿ ಕುಂಕುಮ.

"ಅಯ್ಯಯ್ಯ, ಏನ್ ಮಾಡಿದ್ಯೇ! ನನ್ನ ನೌಕರಿ ಹೋತು!"

"ನೀವ ಅಂದ್ರಲ್ರೀ ದೇವ್ರು ಅಂತ. ದೇವ್ರನ್ನ ಬರೇ ಹಣೀಲೆ ಇಡಾಕಾಗ್ತದೇನು?"

ಒದ್ದೆ ಹತ್ತಿಯಿಂದ ಒರೆಸಿದೆ. ಕುಂಕುಮ ಕರಗಿ ರೂತ್ ಓಕುಳಿಯಾಡಿದ. ಒಣಗಲೆಂದು ಹೇರ್ ಡ್ರೈಯರ್ ಹಿಡಿದೆ. ಕಾರ್ಡು ಕರಿದ ಹಪ್ಪಳದಂತೆ ಮುದುಡಿತು.

ಸೋಮವಾರ ಕಾರ್ಡು ನೋಡಿದ ಡಂಕನ್, ಕಾರ್ಡಿಗಿಂತ ಕೆಂಪಾದ! ನಾನು ತೊದಲಿದೆ, "ಸರ್, ನಮ್ಮಲ್ಲಿ ಶ್ರೇಷ್ಠರಿಗೆ ಹೀಗೇ ಪೂಜೆ..."

"ಯಾವಾಗ ಮಾಡಿದ್ದು?"

"ಶನಿವಾರ ಬೆಳಿಗ್ಗೆ."

ಡಂಕನ್ ಕಣ್ಣರಳಿಸಿದ. ಅದೇ ಶನಿವಾರ ರಾತ್ರಿ ನಮ್ಮ ತಂಡ ಕೊನೆಯ ಇನಿಂಗ್‌ನಲ್ಲಿ, ಒಂದೇ ಹೊಡೆತಕ್ಕೆ ವರ್ಲ್ಡ್ ಸೀರೀಸ್ ಗೆದ್ದಿತ್ತು!

"ಪೂಜೆ ಮಾಡಿದ್ದು ಯಾರು?"

"ನಾನೇ, ಸರ್!" ಎಂದುಬಿಟ್ಟೆ. ಕೆಲಸ ಪರ್ಮನೆಂಟ್ ಆಯಿತು. ವೇಣುಗೋಪಾಲ ಟೈ ಕಾಬ್‌ನ ಹೆಸರೆತ್ತುವುದನ್ನೇ ಬಿಟ್ಟ.

ಮುಂದಿನ ಯುಗಾದಿಗೆ ಡಂಕನ್ ಇಡೀ ತಂಡದ ಕಾರ್ಡು ತಂದುಕೊಟ್ಟ. ಮಾಧುರಿಯನ್ನು ಹೋಳಿಗೆ ಮಾಡಲು ಕಳಿಸಿ, ಪೂಜೆಗೆ ನಾನೇ ಕೂತೆ. ಇಪ್ಪತ್ತೈದು ಹಣೆಗೆ ವಿಭೂತಿ, ಗಂಟೆ, ಮಂಗಳಾರತಿ! ಆಗಸ್ಟಿನಲ್ಲಿ ಎಲ್ಲ ತಂಡಗಳ ಆಟಗಾರರೂ ಮುಷ್ಕರ ಹೂಡಿ ಮನೆಗೆ ಹೋದರು. ತೊಂಬತ್ತು ವರ್ಷದಲ್ಲಿ ಮೊದಲ ಸಲ ವರ್ಲ್ಡ್ ಸೀರೀಸೇ ರದ್ದು! ಡಂಕನ್ ನನ್ನ ಜೊತೆ ಮಾತು ಬಿಟ್ಟ.

ಮನೆಗೆ ಬಂದು ಮಾಧುರಿಯ ಮುಂದೆ ತಲೆ ಮೇಲೆ ಕೈಹೊತ್ತು ಕೂತೆ. ಅವಳು ಹೇಳಿದಳು:

"ಹ್ವಾದ ವರ್ಷ ನಾ ಮಾಡಿದ್ದೆ. ಈ ವರ್ಷ ನೀವ್ ಮಾಡಿದ್ರಿ. ಶ್ರೇಷ್ಠ ಯಾರು ಅಂತ ಇನ್ನೂ ಚರ್ಚಾ ಬೇಕೇನ್ರೀ?"